ಕೆಮ್ಮೀಸೆ ಪಿಕಳಾರಕ್ಕೆ ಕೆಂಪು ಮೀಸೆ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಒಂದು ಹಕ್ಕಿಯ ಹೆಸರಿನ ಬಗ್ಗೆ ಅನುಮಾನ, ಬಲ್ಲವರು ಬಿಡಿಸಿ ಹೇಳಿ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಕನ್ನಡಿಯನ್ನು ಒಂದು ವಾರದಿಂದ ಪಿಕಳಾರವೊಂದು ಕುಕ್ಕುತ್ತಿದೆ. ಒಳಗಿರುವುದು ಬೇರೆ ಹಕ್ಕಿ, ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದರ ಸಿಟ್ಟು. ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿದೆ, ಅದು ಆ ಬದಿಯ ಕನ್ನಡಿಗೆ ಹೋಯಿತು. ಸರಿ ಅಂತ ಸುಮ್ನೆ ಕೂತು ನೋಡಿದೆ. ತಲೆ ಮೇಲೆ ಚೂಪಾದ ಕಪ್ಪು ಜುಟ್ಟು, ಬೆನ್ನು ಕಂದು, ಹೊಟ್ಟೆ ಬಿಳಿ, ಬಾಲದ ಬುಡದಡಿ ಕೆಂಪು. ಕಣ್ಣಿನ ಹಿಂದೆ ಕುಂಕುಮ ಇಟ್ಟಂತೆ ಪುಟ್ಟ ಕೆಂಪು ಗರಿ, ಅದರ ಕೆಳಗೆ ಬಿಳಿ ಕೆನ್ನೆ, ಆ ಬಿಳಿಯ ಅಂಚಿಗೆ ಪೆನ್ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ. ಮೀಸೆ ಅನ್ನುವುದಾದರೆ ಈ ಗೆರೆಯನ್ನೇ ಅನ್ನಬೇಕು, ಅಲ್ವಾ? ಅದು ಕಪ್ಪು! ಮರಿಗಳಿಗಂತೂ ಆ ಕೆಂಪು ಬೊಟ್ಟೂ ಇರುವುದಿಲ್ಲ.

ಪದ ಕಟ್ಟಿದ ರೀತಿಗೆ ನನ್ನ ತಕರಾರಿಲ್ಲ. ನಮ್ಮ ಕೆಮ್ಮಣ್ಣುಗುಂಡಿಯ ಕೆಮ್ಮಣ್ಣು ಹೇಗೋ ಕೆಮ್ಮೀಸೆಯೂ ಹಾಗೇ. ತಕರಾರು ಅರ್ಥದ್ದು. ಇಂಗ್ಲಿಷಿನಲ್ಲಿ ಇದು ರೆಡ್ ವಿಸ್ಕರ್ಡ್ ಬುಲ್‌ಬುಲ್. ವಿಸ್ಕರ್ ಅಂದರೆ ಬೆಕ್ಕಿನ ಮೀಸೆಯೂ ಹೌದು, ಗಂಡಸರ ಕೆನ್ನೆ ಮೇಲಿನ ಕೂದಲೂ ಹೌದು. ಈ ಹಕ್ಕಿಗೆ ಹೊಂದುವುದು ಎರಡನೆಯದು, ಕನ್ನಡಕ್ಕೆ ತಂದವರು ಬೆಕ್ಕನ್ನು ನೆನೆದರೇನೋ ಅಂತ ನನ್ನ ಗುಮಾನಿ. ಕೆಂಗೆನ್ನೆ ಅನ್ನೋಣ ಅಂದರೆ ಕೆನ್ನೆ ಬಿಳಿ. ಅಮ್ಮನನ್ನು ಕೇಳಿದರೆ 'ಬೊಟ್ಟಿನ ಪಿಕಳಾರ ಅನ್ನು, ಮುಗೀತು' ಅಂದರು. ನನಗೆ ಅದೇ ಜಾಸ್ತಿ ಇಷ್ಟವಾಯಿತು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಕೊಟ್ಟ ವೈಜ್ಞಾನಿಕ ಹೆಸರಲ್ಲಿ ಮೀಸೆಯ ಸುದ್ದಿಯೇ ಇಲ್ಲ. ಜೊಕೋಸಸ್, ಅಂದರೆ ತಮಾಷೆ ಸ್ವಭಾವದ್ದು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದಲ್ಲಿ ಬೆಳಗ್ಗೆ ಬೆಳಗ್ಗೆ ಇವು ಜೋಡಿಯಾಗಿ ಕೂತು ಮಾಡುವ ಗಲಾಟೆ ಕೇಳಿದವರು ಒಪ್ಪುತ್ತಾರೆ.

ಇನ್ನು ಪಿಕಳಾರ. ಇದರಲ್ಲಿ ಸಂಸ್ಕೃತದ ಪಿಕ, ಅಂದರೆ ಕೋಗಿಲೆ ಇದೆ ಅಂತ ಸ್ನೇಹಿತರೊಬ್ಬರ ವಾದ. ನನಗೆ ಒಪ್ಪಿಗೆಯಿಲ್ಲ. ತೆಲುಗಿನಲ್ಲಿ ಇದೇ ಜಾತಿಯ ಹಕ್ಕಿಗೆ ಪಿಗಿಲಿಪಿಟ್ಟ ಅನ್ನುತ್ತಾರಲ್ಲ, ನಂಟು ಅಲ್ಲಿರಬೇಕು. ಆದರೆ ಹಳಗನ್ನಡದ ಪಕ್ಕಿ ಹಕ್ಕಿಯಾಯಿತು, ಪುಲಿ ಹುಲಿಯಾಯಿತು, ಪಿಕಳಾರ ಮಾತ್ರ ಹಿಕಳಾರ ಆಗದೆ ಉಳಿದದ್ದು ಹೇಗೆ? ಆಮೇಲೆ ಬಂದ ಪದವೋ, ಕೂಗಿನಿಂದ ಹುಟ್ಟಿದ್ದೋ? ನಿಮ್ಮ ಊರಲ್ಲಿ ಇದಕ್ಕೆ ಏನಂತಾರೆ ಅನ್ನುವುದನ್ನೂ ಬರೆಯಿರಿ.