ಹಳೆ ಫಾರ್ಮುಲಾ ಫೋರ್ಡ್ ಕೊಳ್ಳಬೇಕು ಅಂತಿದ್ದೇನೆ: ಮರ್ಲಿನ್ನಾ, ಕ್ರಾಸ್ಲೆನಾ?

ತಿಪಟೂರು ಕೊಬ್ಬರಿ:

ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಒಂಬತ್ತು ವರ್ಷದಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದೇನೆ. ಕೆಲಸ ಸಾಫ್ಟ್‌ವೇರ್, ಕೈಗೆ ಗ್ರೀಸ್ ಹತ್ತಿದ್ದು ಕಡಿಮೆ. ಹೋದ ನವೆಂಬರ್‌ನಲ್ಲಿ ಸ್ನೇಹಿತನೊಬ್ಬ ಸಿಲ್ವರ್‌ಸ್ಟೋನ್ ಟ್ರ್ಯಾಕಿಗೆ ವಾಲ್ಟರ್ ಹೇಯ್ಸ್ ಟ್ರೋಫಿ ಅನ್ನುವ ಫಾರ್ಮುಲಾ ಫೋರ್ಡ್ ರೇಸ್ ನೋಡಲು ಕರೆದುಕೊಂಡು ಹೋದ. ಮಳೆ, ಚಳಿ, ಕೈಯಲ್ಲಿ ಆರಿದ ಟೀ. ಒಂದೇ ಸೀಟಿನ, ರೆಕ್ಕೆ ಇಲ್ಲದ, ಸಣಕಲು ಟೈರಿನ ಕಾರುಗಳು ಒಂದರ ಪಕ್ಕ ಒಂದು ಅಂಟಿಕೊಂಡು, ಜಾರಿಕೊಂಡು ತಿರುವಿಗೆ ಬಂದವು. ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ.

ಎಲ್ಲಾ ಸೇರಿ 35 ಸಾವಿರ ಪೌಂಡ್ ಎತ್ತಿಟ್ಟಿದ್ದೇನೆ. ಬೇರೆ ಬೇರೆ ಕಂಪನಿಯ ಎರಡು ಕಾರು ಕಣ್ಣಿಗೆ ಬಿದ್ದಿವೆ.

ಒಂದು 1971ರ ಮರ್ಲಿನ್ ಎಂಕೆ20, ಯಾರ್ಕ್‌ಷೈರ್‌ನಲ್ಲಿದೆ. ಫೋಟೋದಲ್ಲಿ ಮದುಮಗನ ಹಾಗೆ ಇದೆ. ಚಾಸಿಗೆ (ಕಾರಿನ ಕೊಳವೆ ಅಸ್ಥಿಪಂಜರ) ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ್ದಾರೆ, ಎಫ್‌ಐಎ ಅನ್ನುವ ಅಂತರರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆಯ ಎಚ್‌ಟಿಪಿ, ಅಂದರೆ ಹಳೆ ರೇಸ್ ಕಾರಿನ ತಾಂತ್ರಿಕ ಪಾಸ್‌ಪೋರ್ಟ್ ಇದೆ. ಆ ಕಾಲದಲ್ಲಿ ದೊಡ್ಡ ಡ್ರೈವರ್ ಒಬ್ಬರು ಓಡಿಸಿದ್ದರಂತೆ. ನನ್ನ ದುಡ್ಡು ಪೂರ್ತಿ ಅದಕ್ಕೇ ಹೋಗುತ್ತದೆ.

ಇನ್ನೊಂದು 1977ರ ಕ್ರಾಸ್ಲೆ 32ಎಫ್, ಕೆಂಟ್‌ನಲ್ಲಿದೆ. ಬಣ್ಣ ಹೋಗಿದೆ, ಮೂತಿಗೆ ತೇಪೆ ಹಾಕಿದ್ದಾರೆ. ಆದರೆ ಸಾಕಷ್ಟು ಅಗ್ಗ. ಮಾರುವವರು ಫೋನಿನಲ್ಲಿ ಕಾರಿನ ವಿಷಯ ಬಿಟ್ಟು ಎರಡು ಫೈಲ್ ತುಂಬಾ ಬಿಲ್ ಇದೆ ಅಂತಲೇ ಹೇಳುತ್ತಿದ್ದರು.

ಈ ವರ್ಷ ಸುಮ್ನೆ ಟ್ರ್ಯಾಕ್ ಡೇಗಳಿಗೆ (ದುಡ್ಡು ಕೊಟ್ಟು ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೋಗಿ ಕಲಿಯುವುದು, ಮುಂದಿನ ವರ್ಷ ರೇಸ್ ಅಂತ ಲೆಕ್ಕ. ಮನಸ್ಸು ಮರ್ಲಿನ್ ಕಡೆ ಎಳೀತಿದೆ. ನನ್ನ ಎತ್ತರ ಆರಡಿ ಒಂದಿಂಚು. ಹೆಂಡತಿ ಫೋಟೋ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ದುಡ್ಡಿಗೆ ಒಂದೇ ಸೀಟಾ?"

ಬಿರುಕು ಭಟ್ಟ:

ಕೊಬ್ಬರಿಯವರೇ, ಮೊದಲು ನಿಮ್ಮ ಲೆಕ್ಕದಲ್ಲಿರುವ ತೂತು ತೋರಿಸುತ್ತೇನೆ. ಮಾಮೂಲಿ ಟ್ರ್ಯಾಕ್ ಡೇಗೆ ಹೆಚ್ಚಿನ ಕಡೆ ಸಿಂಗಲ್ ಸೀಟರ್ ಬಿಡುವುದಿಲ್ಲ. ನಿಮ್ಮ ತಲೆ ಇರುವುದು ಪಕ್ಕದ ಕಾರಿನ ಬಾಗಿಲ ಹಿಡಿಕೆಯ ಮಟ್ಟದಲ್ಲಿ. ಅವನ ಕನ್ನಡಿಯಲ್ಲಿ ನೀವು ಕಾಣುವುದೇ ಇಲ್ಲ. ಚಕ್ರಕ್ಕೆ ಚಕ್ರ ತಾಗಿದರೆ ಒಂದು ಕಾರು ಮೇಲಕ್ಕೆ ಹಾರುತ್ತದೆ. ಸಿಂಗಲ್ ಸೀಟರ್‌ಗಳಿಗೆ ಅಂತಲೇ ಟೆಸ್ಟ್ ಡೇಗಳಿವೆ, ಅಲ್ಲಿ ಸಾಮಾನ್ಯವಾಗಿ ರೇಸ್ ಲೈಸೆನ್ಸ್ ಕೇಳುತ್ತಾರೆ. ಹಾಗಾಗಿ ಕಾರಿಗಿಂತ ಮೊದಲು ಆ ಲೈಸೆನ್ಸಿಗೆ ಬೇಕಾದ ಎಆರ್‌ಡಿಎಸ್ ಪರೀಕ್ಷೆ ಮುಗಿಸಿ. ಬರೆಯುವುದು ಸ್ವಲ್ಪ, ಓಡಿಸಿ ತೋರಿಸುವುದು ಸ್ವಲ್ಪ. ಲೈಸೆನ್ಸ್ ಇಲ್ಲದೆ ಕಾರು ಕೊಂಡರೆ ಅದು ಗ್ಯಾರೇಜಿನಲ್ಲಿ ಗಣಪತಿ ಕೂತ ಹಾಗೆ ಕೂತಿರುತ್ತದೆ, ನೀವು ದಿನಾ ಒರೆಸುತ್ತಾ ಇರುತ್ತೀರಿ.

ಇನ್ನು ನಾನು ಯಾರು ಅಂದರೆ, ಸಾಗರದ ಕಡೆಯವನು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನದ ಬಿಡಿಭಾಗಗಳಲ್ಲಿ ಬಿರುಕು ಹುಡುಕುವುದೇ ಕೆಲಸವಾಗಿತ್ತು. ಆಮೇಲೆ ಡರ್ಬಿಗೆ ಬಂದೆ, ಇಲ್ಲೂ ಅದೇ ಕೆಲಸ. ಇಷ್ಟೆಲ್ಲಾ ಗೊತ್ತಿದ್ದ ನಾನೇ 2011ರಲ್ಲಿ ಹೊಳೆಯುವ ಚಾಸಿ ನೋಡಿ ಮರುಳಾದೆ. ಅದಕ್ಕೂ ಪೌಡರ್ ಕೋಟಿಂಗ್ ಆಗಿತ್ತು. ಪೌಡರ್ ಕೋಟಿಂಗ್ ಅಂದರೆ ದಪ್ಪ ಪ್ಲಾಸ್ಟಿಕ್ ಹೊದಿಕೆ. ಕೆಳಗಿನ ಲೋಹ ಸೀಳಿದರೂ ಅದು ಬಿರಿಯದೆ ಎಳೆದುಕೊಂಡು ಕೂತಿರುತ್ತದೆ. ತೆಳು ಬಣ್ಣ ಹಾಗಲ್ಲ, ಬಿರುಕು ಬಿಟ್ಟರೆ ಅದೂ ಬಿಡುತ್ತದೆ, ತುಕ್ಕಿನ ಗೆರೆ ಮೂಡುತ್ತದೆ. ಮೂರನೇ ಸಲ ಕ್ಯಾಡ್‌ವೆಲ್ ಪಾರ್ಕ್ ಟ್ರ್ಯಾಕಿಗೆ ಹೋದಾಗ ಹಿಂದಿನ ಕೆಳಗಿನ ವಿಷ್‌ಬೋನ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಹಿಡಿದಿದ್ದ ಬ್ರಾಕೆಟ್ ವೆಲ್ಡಿಂಗ್ ಸಮೇತ ಕಿತ್ತು ಬಂತು. ಚಕ್ರ ಒಳಕ್ಕೆ ಮಡಚಿಕೊಂಡಿತು. ಹುಲ್ಲಿನ ಮೇಲೆ ನಿಂತೆ, ಏನೂ ಆಗಲಿಲ್ಲ. ಮುರಿದ ಜಾಗ ನೋಡಿದರೆ ಮುಕ್ಕಾಲು ಪಾಲು ಕಪ್ಪು, ಕಾಲು ಪಾಲು ಬೆಳ್ಳಗೆ. ಕಪ್ಪು ಅಂದರೆ ಹಳೆ ಬಿರುಕು. ಬೆಳ್ಳಗಿದ್ದದ್ದು ಮಾತ್ರ ಅವತ್ತು ಮುರಿದದ್ದು. ನನಗೆ ಮಾರಿದವನಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಹೋಗಲಿಲ್ಲ. ಕೇಳಬೇಕಾಗಿದ್ದವನು ನಾನು, ಅದೂ ಕೊಳ್ಳುವ ಮೊದಲು.

ಎಲ್ಲಾ ಪೌಡರ್ ಕೋಟಿಂಗೂ ಮೋಸ ಅಂತಲ್ಲ. ಕೋಟಿಂಗ್ ಮಾಡಿಸುವ ಮೊದಲು ಬರೀ ಚಾಸಿಯ ಫೋಟೋ ಇದೆಯಾ, ಬಿರುಕು ಪರೀಕ್ಷೆಯ ಬಿಲ್ ಇದೆಯಾ ಕೇಳಿ. ಇದ್ದರೆ ಸಂತೋಷ. ಇಲ್ಲದಿದ್ದರೆ ನಿಮ್ಮ ಮದುಮಗ ಪೇಟದ ಕೆಳಗೆ ಏನು ಮುಚ್ಚಿಟ್ಟಿದ್ದಾನೋ ಯಾರಿಗೆ ಗೊತ್ತು.

ಎಚ್‌ಟಿಪಿ ವಿಷಯಕ್ಕೆ ಬರೋಣ. ಜನ ಇದನ್ನು ಜಾತಕ ಅಂದುಕೊಳ್ಳುತ್ತಾರೆ, ಜಾತಕ ಅಲ್ಲ. ಈ ಕಾರಿನ ತಾಂತ್ರಿಕ ವಿವರ ಆ ಕಾಲದ ನಿಯಮಕ್ಕೆ ಹೊಂದುತ್ತದೆ ಅಂತ ಮಾತ್ರ ಅದು ಹೇಳುತ್ತದೆ. ಈ ಚಾಸಿ 1971ರಲ್ಲಿ ಹುಟ್ಟಿದ ಅದೇ ಚಾಸಿ, ಇದನ್ನು ಇಂಥವರೇ ಓಡಿಸಿದ್ದರು ಅಂತ ಹೇಳುವುದಿಲ್ಲ. ಚಾಸಿ ನಂಬರಿನ ಪ್ಲೇಟ್ ಅನ್ನುವುದು ಎರಡು ರಿವೆಟ್ ಹೊಡೆದ ಅಲ್ಯೂಮಿನಿಯಂ ತುಂಡು ಅಷ್ಟೇ. ಯಾವ ವರ್ಷ ಯಾರ ಕೈಯಲ್ಲಿತ್ತು ಅನ್ನುವ ಕೊಂಡಿ ಕಳಚದೆ ಇರಬೇಕು: ಹಳೆ ರೇಸ್ ಎಂಟ್ರಿ, ಫೋಟೋ, ಲಾಗ್ ಬುಕ್.

"ದೊಡ್ಡ ಡ್ರೈವರ್" ಕತೆ ಮರ್ಲಿನ್ ಮಾರುವವರ ಬಾಯಲ್ಲಿ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಒಂದೇ ಒಂದು ಮರ್ಲಿನ್ ಎಂಕೆ11ಎ ಕಾರನ್ನು ಮೊದಲು ಎಮರ್ಸನ್ ಫಿಟಿಪಾಲ್ಡಿ, ಆಮೇಲೆ ಕಾಲಿನ್ ವ್ಯಾಂಡರ್ವೆಲ್, ಆಮೇಲೆ ಜೋಡಿ ಶೆಕ್ಟರ್ ಓಡಿಸಿದ್ದರು. ಅದಕ್ಕೆ ಮ್ಯಾಜಿಕ್ ಮರ್ಲಿನ್ ಅಂತಲೇ ಹೆಸರು. ಮೂವರಲ್ಲಿ ಇಬ್ಬರು ಮುಂದೆ ಫಾರ್ಮುಲಾ 1 ಚಾಂಪಿಯನ್ ಆದರು. ಆದರೆ ಅದು ಎಂಕೆ11ಎ, ನೀವು ನೋಡಿದ್ದು ಎಂಕೆ20. ಕತೆಗೆ ಕಾಗದ ಇದ್ದರೆ ದುಡ್ಡು ಕೊಡಿ, ಇಲ್ಲದಿದ್ದರೆ ಕತೆ ಕೇಳಿ ಟೀ ಕುಡಿದು ಬನ್ನಿ.

ಎರಡೂ ಕಾರಿನ ವರ್ಗ ಬೇರೆ ಅನ್ನುವುದೂ ನೆನಪಿರಲಿ. ಎಚ್‌ಎಸ್‌ಸಿಸಿ ಅನ್ನುವ ಇಲ್ಲಿನ ಹಳೆ ರೇಸ್ ಕಾರುಗಳ ಕ್ಲಬ್ಬಿನ ಹಿಸ್ಟಾರಿಕ್ ಫಾರ್ಮುಲಾ ಫೋರ್ಡ್ 1971ರವರೆಗಿನ ಕಾರುಗಳಿಗೆ. ಕ್ರಾಸ್ಲೆ ಹೋಗುವುದು ಕ್ಲಾಸಿಕ್ ವರ್ಗಕ್ಕೆ. ಮರ್ಲಿನ್ ದುಬಾರಿ ಆಗಿರುವುದಕ್ಕೆ ಅದೂ ಒಂದು ಕಾರಣ, ಓಟದಲ್ಲಿ ಅದೇ ಮೇಲು ಅಂತಲ್ಲ.

ಈ ಕಾರುಗಳ ಒಳ್ಳೆ ಗುಣ ಏನೆಂದರೆ, ಹುಟ್ಟಿದ್ದೇ ಬೀದಿ ಕಾರಿನ ಸಾಮಾನಿನಿಂದ. 1967ರಲ್ಲಿ ಫಾರ್ಮುಲಾ ಫೋರ್ಡ್ ಶುರುವಾದಾಗ ಕಾರಿನ ಬೆಲೆ ಸಾವಿರ ಪೌಂಡ್ ಮೀರಬಾರದು ಅಂತ ನಿಯಮ ಇತ್ತು. ಅದಕ್ಕೇ ಫೋರ್ಡ್ ಕಾರ್ಟಿನಾದ ಎಂಜಿನ್. ಹ್ಯೂಲ್ಯಾಂಡ್ ಗೇರ್‌ಬಾಕ್ಸಿನ ಹೊರಕವಚ ಫೋಕ್ಸ್‌ವ್ಯಾಗನ್ ಬೀಟಲ್‌ನದು. ಎಷ್ಟೋ ಕಾರುಗಳಲ್ಲಿ ಮುಂದಿನ ಅಪ್‌ರೈಟ್ (ಚಕ್ರವನ್ನು ಹಿಡಿದು ನಿಲ್ಲಿಸುವ ಭಾಗ) ಟ್ರಯಂಫ್ ಹೆರಾಲ್ಡ್ ಮನೆತನದ್ದು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯಾ? ಅದರ ಅಣ್ಣ. ನಮ್ಮ ಚಿಕ್ಕಪ್ಪನ ಹತ್ತಿರ ಒಂದಿತ್ತು. ಸಾಗರದಿಂದ ಜೋಗಕ್ಕೆ ಹೋಗುವಾಗ ಅದರ ಮುಂದಿನ ಚಕ್ರ ಕಳಚಿ ನಮಗಿಂತ ಮೊದಲು ಜೋಗದ ದಾರಿ ಹಿಡಿದಿತ್ತು. ಹಾಗಾಗಿ ಆ ಭಾಗ ಕಂಡರೆ ನನಗೆ ಒಂದು ಕಣ್ಣು ಜಾಸ್ತಿ.

ನೋಡಲು ಹೋದಾಗ ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿಸಿ, ಕೆಳಗೆ ಮಲಗಿ. ಚಾಸಿಯ ತಳದ ಕೊಳವೆಗಳು ನೆಲಕ್ಕೆ ಉಜ್ಜಿ ಚಪ್ಪಟೆ ಆಗಿವೆಯಾ ಕೈಯಾಡಿಸಿ. 60ರ ದಶಕದ ಕೆಲವು ಕಾರುಗಳಲ್ಲಿ ರೇಡಿಯೇಟರ್ ನೀರು ಚಾಸಿ ಕೊಳವೆಯ ಒಳಗೇ ಹರಿಯುತ್ತದೆ, ತುಕ್ಕು ಒಳಗಿಂದ ತಿನ್ನುತ್ತದೆ. ಗೇರ್‌ಬಾಕ್ಸಿನ ಹಿಂದಿನ ಮುಚ್ಚಳ ತೆಗೆದರೆ ಗೇರುಗಳು ಎದುರಿಗೇ ಸಿಗುತ್ತವೆ, ಬಾಕ್ಸ್ ಇಳಿಸಬೇಕಿಲ್ಲ. ಗೇರನ್ನು ಕಚ್ಚಿ ಹಿಡಿಯುವ ಡಾಗ್ ರಿಂಗಿನ ಹಲ್ಲುಗಳ ಮೂಲೆ ಚೂಪಾಗಿದೆಯಾ, ಬೆಲ್ಲದ ಅಚ್ಚಿನ ಹಾಗೆ ಸವೆದು ದುಂಡಗಾಗಿದೆಯಾ ನೋಡಿ. ದುಂಡಗಾಗಿದ್ದರೆ ಗೇರ್ ತಾನಾಗೇ ಹಾರುತ್ತದೆ. ಎಂಜಿನ್‌ಗೆ ಲೀಕ್‌ಡೌನ್ ಪರೀಕ್ಷೆ ಮಾಡಿಸಿ, ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ತಿಳಿಯುತ್ತದೆ. ಕೊನೆಯ ಸಲ ಬಿಚ್ಚಿ ಕಟ್ಟಿದ ಮೇಲೆ ಎಷ್ಟು ಗಂಟೆ ಓಡಿದೆ ಅಂತ ಬಿಲ್ ಸಮೇತ ಕೇಳಿ.

ಎಲ್ಲಕ್ಕಿಂತ ಮೊದಲು ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂರಿ. ಆರಡಿ ಒಂದಿಂಚು ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕರಿ ಟ್ರ್ಯಾಕ್ ಕನ್ನಡಿಗ:

ಕೊಯಮತ್ತೂರಿನಿಂದ ಎರಡು ಮಾತು. ರೇಸ್ ಮಾಡಲು ಹಳೆ ಸಿಂಗಲ್ ಸೀಟರ್ ಬೇಕು ಅಂದರೆ ನಮ್ಮಲ್ಲಿ ಫಾರ್ಮುಲಾ ಮಾರುತಿ ಇತ್ತು. ಎಸ್. ಕರಿವರ್ಧನ್ ಕಟ್ಟಿದ್ದು, ಮಾರುತಿ 800ರ ಎಂಜಿನ್. ಇಲ್ಲಿನ 2.1 ಕಿಲೋಮೀಟರ್ ಟ್ರ್ಯಾಕಿಗೆ ಅವರದ್ದೇ ಹೆಸರು. ನರೇನ್ ಕಾರ್ತಿಕೇಯನ್ ಶುರು ಮಾಡಿದ್ದೂ ಅದರಲ್ಲೇ. ಅಂಥ ಒಂದನ್ನು ನಾನು ಎರಡು ವರ್ಷ ಇಟ್ಟುಕೊಂಡಿದ್ದೆ. ಬಿಡಿಭಾಗ ಬೀದಿ ಕೊನೆಯ ಅಂಗಡಿಯಲ್ಲಿ ಸಿಗುತ್ತಿತ್ತು, ಸಿಗದಿದ್ದದ್ದು ಕಾಗದ ಮಾತ್ರ. ಯಾರು ಯಾವಾಗ ಏನು ಬೆಸುಗೆ ಹಾಕಿದರು ಅಂತ ಒಂದು ಸಾಲೂ ಇರಲಿಲ್ಲ. ಭಟ್ಟರು ಹೇಳಿದ್ದು ಸರಿ, ಎರಡು ಫೈಲ್ ಬಿಲ್ ಇರುವವರ ಮನೆಗೆ ಮೊದಲು ಹೋಗಿ.

ತಿಪಟೂರು ಕೊಬ್ಬರಿ:

ಭಟ್ರೇ, ಎಆರ್‌ಡಿಎಸ್‌ಗೆ ಹೆಸರು ಕೊಟ್ಟೆ. ಯಾರ್ಕ್‌ಷೈರಿನವರಿಗೆ ಬರೀ ಚಾಸಿಯ ಫೋಟೋ ಕೇಳಿ ಮೆಸೇಜ್ ಹಾಕಿದೆ. ಬದಲಿಗೆ ಕಾರಿನ ಇನ್ನೂ ನಾಲ್ಕು ಚೆಂದದ ಫೋಟೋ ಬಂದವು. ಸರಿ ಅಂತ ಶನಿವಾರ ಕೆಂಟ್‌ಗೆ ಹೋದೆ.

ಶೂ ಹಾಕಿಕೊಂಡು ಕೂತರೆ ಒಂದು ಕಾಲಿಗೆ ಎರಡು ಪೆಡಲ್ ಸಿಗುತ್ತದೆ. ಕಾಲುಚೀಲದಲ್ಲಿ ಪರವಾಗಿಲ್ಲ, ತೆಳು ರೇಸ್ ಶೂ ಬೇಕು. ಸೀಟು ತೆಗೆದು ಬರೀ ತಗಡಿನ ಮೇಲೆ ಕೂತಾಗ ಹೆಲ್ಮೆಟ್ ರೋಲ್ ಹೂಪ್‌ಗಿಂತ (ಕಾರು ಮಗುಚಿದರೆ ತಲೆ ಕಾಯುವ ಕಮಾನು) ನಾಲ್ಕು ಬೆರಳು ಕೆಳಗಿತ್ತು. ಮಾರುವವರು ಎಪ್ಪತ್ತು ದಾಟಿದ ಅಜ್ಜ. ಬೆನ್ನು ನೋವಿಗೆ ಮಾರುತ್ತಿದ್ದಾರೆ. ಫೈಲ್‌ನಲ್ಲಿ 1994ರಿಂದ ಬಿಲ್ ಇದೆ. ಅಪ್‌ರೈಟ್ ಬಿರುಕು ಪರೀಕ್ಷೆ ಮಾಡಿಸಿದ್ದು ಆರು ವರ್ಷದ ಹಿಂದೆ. ಮೂತಿಯ ತೇಪೆ ಯಾವ ತಿರುವಿನಲ್ಲಿ ಆದದ್ದು ಅಂತಲೂ ಬರೆದಿಟ್ಟಿದ್ದಾರೆ! ಡಾಗ್ ರಿಂಗಿನಲ್ಲಿ ಮೂರನೆಯದು ಸ್ವಲ್ಪ ದುಂಡಗಿದೆ. ಸೀಟ್ ಬೆಲ್ಟಿನ ಅವಧಿ ಮುಗಿದಿದೆ. ಪೆಟ್ರೋಲ್ ಟ್ಯಾಂಕಿನ ಒಳಗಿನ ಫೋಮ್ ಮುಟ್ಟಿದರೆ ಬೇಸನ್ ಲಾಡು ಹಾಗೆ ಪುಡಿ ಪುಡಿ.

ಹಿಂದಿನ ಎಡ ವಿಷ್‌ಬೋನಿನ ವೆಲ್ಡಿಂಗ್ ಹತ್ತಿರ ಕೂದಲಿನಷ್ಟು ತೆಳು ಗೆರೆ ಇದೆ. ಬಣ್ಣದ್ದಾ, ಲೋಹದ್ದಾ ತಿಳಿಯಲಿಲ್ಲ. ಅಜ್ಜನೇ ಟಾರ್ಚ್ ಹಿಡಿದು ತೋರಿಸಿದರು. ಇದು ಬಿಟ್ಟುಬಿಡುವಂಥದ್ದಾ?

ಬಿರುಕು ಭಟ್ಟ:

ತಾನಾಗೇ ಟಾರ್ಚ್ ಹಿಡಿದು ತೋರಿಸಿದರು ಅಂದಿರಲ್ಲ, ಅಂಥವರ ಕಾರನ್ನು ಬಿಡಬೇಡಿ ಮಾರಾಯ್ರೇ. ಫೋಮ್, ಬೆಲ್ಟ್, ಡಾಗ್ ರಿಂಗ್ ಮೂರೂ ಹೇಗಿದ್ದರೂ ಬದಲಾಯಿಸುವಂಥವೇ. ಬೆಲೆಯಲ್ಲಿ ಕಳೆಯಲು ಕೇಳಿ. ಫೋಮ್ ಬದಲಾಯಿಸದೆ ಎಂಜಿನ್ ಶುರು ಮಾಡಬೇಡಿ, ಆ ಪುಡಿ ನೇರ ಕಾರ್ಬುರೇಟರ್‌ಗೆ ಹೋಗುತ್ತದೆ.

ಗೆರೆಗೆ ಉತ್ತರ ಫೋನಿನಲ್ಲಿ ಸಿಗುವುದಿಲ್ಲ. ಬಣ್ಣ ಕೆರೆದು, ಜಿಡ್ಡು ತೆಗೆದು, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹೊಡೆದು ಹದಿನೈದು ನಿಮಿಷ ಬಿಡಬೇಕು. ಆಮೇಲೆ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಲೋಹದ ಮೇಲೇ ಹೊಡೆದರೆ ಬಿರುಕಿನೊಳಗಿನ ಡೈಯೂ ತೊಳೆದು ಹೋಗುತ್ತದೆ. ಕೊನೆಗೆ ಬಿಳಿ ಡೆವಲಪರ್, ತೆಳ್ಳಗೆ, ಮಂಜು ಕೂತಷ್ಟು. ಬರೀ ಬಣ್ಣದ ಗೆರೆ ಆಗಿದ್ದರೆ ಬಿಳಿ ಬಿಳಿಯಾಗೇ ಇರುತ್ತದೆ. ಬಿರುಕಾಗಿದ್ದರೆ ರಂಗೋಲಿ ಮೇಲೆ ಕುಂಕುಮದ ಎಳೆ ಬಿದ್ದ ಹಾಗೆ ನಿಧಾನಕ್ಕೆ ಕೆಂಪು ಮೇಲಕ್ಕೆ ಬರುತ್ತದೆ. ಬಂದರೂ ಒಂದು ವಿಷ್‌ಬೋನ್ ಹೊಸದು ಮಾಡಿಸಬಹುದು. ಆಗ ಉಳಿದವನ್ನೂ ಬಿಚ್ಚಿ ಮ್ಯಾಗ್ನೆಟಿಕ್ ಪರೀಕ್ಷೆಗೆ ಕೊಡೋಣ, ಉಕ್ಕಿಗೆ ಅದು ಇನ್ನೂ ಒಳ್ಳೆಯದು.

ಅಜ್ಜನಿಗೆ ಫೋನ್ ಮಾಡಿ ಬಣ್ಣ ಕೆರೆಯಲು ಒಪ್ಪಿಗೆ ಕೇಳಿ. ಒಪ್ಪಿದರೆ ಮುಂದಿನ ಭಾನುವಾರ ನಾನೂ ಬರುತ್ತೇನೆ, ಡರ್ಬಿಯಿಂದ ಕೆಂಟ್‌ಗೆ ಕವೆಂಟ್ರಿ ದಾರಿಯಲ್ಲೇ ಸಿಗುತ್ತದೆ. ಡೈ ಡಬ್ಬಿಗಳು ನನ್ನ ಹತ್ತಿರ ಇವೆ. ಒರೆಸಲು ಹಳೆ ಬನಿಯನ್ ನಾಲ್ಕು ತನ್ನಿ, ನೂಲು ಬಿಡದಂಥವು. ಮನೆಯಲ್ಲಿ ಪುಳಿಯೋಗರೆ ಮಾಡಿದ್ದರೆ ಅದನ್ನೂ ಬೇಡ ಅನ್ನುವುದಿಲ್ಲ.