ಫೋನ್ ಕೈಗೆ ಬಂದ ಮೇಲೆ ಮಕ್ಕಳಿಗೆ ಗೊತ್ತಿರುವುದು ಕಡಿಮೆ ಆಗಿದೆಯಾ?

ಬೇಲೂರು ಮೇಡಂ:

ಬೇಲೂರು ಕಡೆಯ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಹದಿನೆಂಟು ವರ್ಷ ಆಯಿತು. ಕಳೆದ ವಾರ ನಡೆದದ್ದೊಂದು ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಲ್ಮಿಡಿ ಶಾಸನದ ಬಗ್ಗೆ ಎರಡು ಪುಟ ಬರೆದುಕೊಂಡು ಬನ್ನಿ ಅಂದಿದ್ದೆ. ಒಬ್ಬ ಹುಡುಗ ದುಂಡಗೆ, ಚಿತ್ತಿಲ್ಲದೆ ಬರೆದಿದ್ದ, ಈ ಶಾಸನ ಹಾಕಿಸಿದವನು ಇಮ್ಮಡಿ ಪುಲಕೇಶಿ ಅಂತ. ಪುಲಕೇಶಿಯ ಐಹೊಳೆ ಶಾಸನ 634ರದ್ದು, ಹಲ್ಮಿಡಿಯದು ಕದಂಬರ ದೊರೆ ಕಕುಸ್ಥನ ಕಾಲದ್ದು, ಸುಮಾರು 450ರದ್ದು, ಹೆಚ್ಚುಕಡಿಮೆ ಇನ್ನೂರು ವರ್ಷದ ಅಂತರ! ಎಲ್ಲಿ ಓದಿದೆಯಪ್ಪ ಅಂದರೆ "ಫೋನಲ್ಲಿ ಕೇಳಿದೆ ಮಿಸ್, ಅದೇ ಬರೆದುಕೊಟ್ಟಿತು" ಅಂದ. ತಪ್ಪು ಬರೆದನಲ್ಲ ಅಂತ ಬೇಜಾರಿಲ್ಲ. ನಾವೂ ತಪ್ಪು ಬರೆದೇ ಕಲಿತವರು. ಆದರೆ ಅವನ ಊರಿನಿಂದ ಹಲ್ಮಿಡಿಗೆ ಬಸ್ಸಲ್ಲಿ ಅರ್ಧ ಗಂಟೆ, ದಾರಿಯ ಬೋರ್ಡನ್ನು ದಿನಾ ನೋಡುತ್ತಾನೆ. ಪಾಠದಲ್ಲಿ ಬರುವ ಹಲ್ಮಿಡಿ ಇದೇ ಹಲ್ಮಿಡಿ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ನನಗೆ ನೋವಾದದ್ದು ಅಲ್ಲಿ.

ಮೊದಲಿನ ಮಕ್ಕಳಿಗೆ ಇಷ್ಟು ಸೌಕರ್ಯ ಇರಲಿಲ್ಲ, ಆದರೂ ಏನೋ ಒಂದಷ್ಟು ತಲೆಯಲ್ಲಿ ಉಳಿದಿರುತ್ತಿತ್ತು. ಈಗ ಎಲ್ಲವೂ ಸಿಗುತ್ತದೆ, ಯಾವುದೂ ನಿಲ್ಲುವುದಿಲ್ಲ. ಇದು ನನ್ನ ವಯಸ್ಸಿನ ಗೊಣಗಾಟವೋ, ನಿಜವಾಗಿಯೂ ಏನಾದರೂ ಕೈಬಿಟ್ಟು ಹೋಗುತ್ತಿದೆಯೋ? ಮಕ್ಕಳ ಜೊತೆ ಇರುವವರು, ಆ ವಯಸ್ಸಿನವರು, ದಯವಿಟ್ಟು ಹೇಳಿ.

ಕುಷ್ಟಗಿ ಹುಡುಗ:

ಮೇಡಂ, ನಾನು ಬಿಎಸ್ಸಿ ಎರಡನೇ ವರ್ಷ. ನಿಮ್ಮ ಬೇಜಾರು ಅರ್ಥ ಆಗುತ್ತದೆ, ಆದರೆ ನನ್ನ ಕಥೆ ಬೇರೆ. ನಮ್ಮ ಊರಲ್ಲಿ ಟ್ಯೂಷನ್ ಅಂತ ಒಂದಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಮನೆಯಲ್ಲಿದ್ದದ್ದು ಒಂದೇ ಫೋನು, ಅದೂ ಅಣ್ಣನದು. ಅವನು ಕೆಲಸ ಮುಗಿಸಿ ಬರುವವರೆಗೆ ಕಾಯಬೇಕು, ಆಮೇಲೆ ಮಾಳಿಗೆ ಹತ್ತಿದರೆ ಮಾತ್ರ ನೆಟ್ವರ್ಕ್. ತ್ರಿಕೋನಮಿತಿ ನಾನು ಕಲಿತದ್ದು ಹಾಗೆ, ಒಂದೇ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ನಾನೇ ಲೆಕ್ಕ ಮಾಡಿ, ತಪ್ಪಾದರೆ ಮತ್ತೆ ಹಿಂದಕ್ಕೆ ಹೋಗಿ. ಕ್ಲಾಸಿನಲ್ಲಿ ಸರ್‌ಗೆ ನಾಲ್ಕು ಸಲ ಕೇಳಲು ಹೆದರಿಕೆ ಇತ್ತು, ಫೋನಿಗೆ ಹತ್ತು ಸಲ ಕೇಳಿದೆ. ಅದಿಲ್ಲದಿದ್ದರೆ ನಾನು ಸೈನ್ಸ್ ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಒಂದು ಮಾತು ಒಪ್ಪುತ್ತೇನೆ. ಈಗ ನನ್ನದೇ ಫೋನ್ ಇದೆ, ಅನ್‌ಲಿಮಿಟೆಡ್ ಡೇಟಾ ಇದೆ. ಆಗಿನಷ್ಟು ಕಲಿಯುತ್ತಿಲ್ಲ. ರಾತ್ರಿ ರೀಲ್ಸ್ ನೋಡಲು ಶುರು ಮಾಡಿದರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಏನು ನೋಡಿದೆ ಅಂದರೆ ಒಂದೂ ನೆನಪಿರುವುದಿಲ್ಲ.

ಗಣಿತದ ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಸುಮ್ನೆ ಫೋನಿನ ಮೇಲೆ ಎಲ್ಲ ಹಾಕಬೇಡಿ ಅಂತ ನನ್ನ ವಿನಂತಿ. ಹಳ್ಳಿ ಮಕ್ಕಳ ಕಲಿಕೆಯನ್ನು ಮನೆ ಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆ 2005ರಿಂದ ನಡೆಯುತ್ತಿದೆ. ಸ್ಮಾರ್ಟ್‌ಫೋನ್ ಹಳ್ಳಿಗೆ ಬರುವ ಮೊದಲೇ, 2010ರ ಹೊತ್ತಿಗೇ, ದೇಶದಲ್ಲಿ ಐದನೇ ಕ್ಲಾಸಿನ ಹತ್ತಿರಹತ್ತಿರ ಅರ್ಧ ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುತ್ತಿರಲಿಲ್ಲ. 2023ರಲ್ಲಿ 14ರಿಂದ 18 ವರ್ಷದವರನ್ನು ನೋಡಿದಾಗ ಸುಮಾರು ಕಾಲು ಭಾಗ ತಮ್ಮದೇ ಭಾಷೆಯಲ್ಲಿ ಆ ಎರಡನೇ ಕ್ಲಾಸಿನ ಪಾಠವನ್ನು ಸರಾಗವಾಗಿ ಓದಲಿಲ್ಲ, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಭಾಗಾಕಾರ ಬರಲಿಲ್ಲ. ಅದೇ ಮಕ್ಕಳಲ್ಲಿ 10ರಲ್ಲಿ 9 ಜನರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅಂದರೆ ಫೋನ್ ಆ ಗುಂಡಿ ತೋಡಲಿಲ್ಲ. ಆದರೆ ಮುಚ್ಚಲೂ ಇಲ್ಲ.

ನನ್ನ ಭಯ ಇನ್ನೊಂದು. ಮೊನ್ನೆ ಒಂದು ಹುಡುಗಿ ಕ್ಯಾಲ್ಕುಲೇಟರಿನಲ್ಲಿ 35 ಗುಣಿಸು 7 ಮಾಡಿ 2,135 ಅಂತ ಬರೆದಳು. ಎಲ್ಲೋ 305 ಒತ್ತಿಹೋಗಿದೆ. ಬೆರಳು ತಪ್ಪುವುದು ಸಹಜ, ಆದರೆ ಉತ್ತರ ನೋಡಿ 'ಅಯ್ಯೋ, ಇಷ್ಟೊಂದು ಬರಲ್ಲವಲ್ಲ' ಅಂತ ಅನ್ನಿಸಬೇಕಿತ್ತು. ಏಳು ನಲವತ್ತಲಿ ಇನ್ನೂರ ಎಂಬತ್ತು ಅಂತ ಬಾಯಿಪಾಠ ಇದ್ದವರಿಗೆ ಅದು ತಾನಾಗಿ ಅನ್ನಿಸುತ್ತದೆ. ಮಗ್ಗಿ ಬೇಕಿರುವುದು ಲೆಕ್ಕ ಮಾಡಲಿಕ್ಕಷ್ಟೇ ಅಲ್ಲ, ಬಂದ ಉತ್ತರವನ್ನು ಅನುಮಾನಿಸಲಿಕ್ಕೆ. ನಿಮ್ಮ ಹುಡುಗನಿಗೂ ಆದದ್ದು ಇದೇ ಮೇಡಂ. ಚಾಲುಕ್ಯರು ಯಾವಾಗ, ಕದಂಬರು ಯಾವಾಗ ಅನ್ನುವ ಅಂದಾಜು ತಲೆಯಲ್ಲಿ ಇದ್ದಿದ್ದರೆ ಪುಲಕೇಶಿ ಹೆಸರು ನೋಡಿದ ಕೂಡಲೇ ಪೆನ್ನು ನಿಲ್ಲುತ್ತಿತ್ತು.

ಮೈಸೂರು ಓದುಗ:

2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮನೋವಿಜ್ಞಾನಿ ಬೆಟ್ಸಿ ಸ್ಪ್ಯಾರೋ ಮತ್ತು ಜೊತೆಗಾರರ ಒಂದು ಪ್ರಯೋಗ ಬಂದಿತ್ತು. ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು ಅನ್ನುವಂಥ ಸಣ್ಣ ಸಣ್ಣ ವಿಷಯಗಳನ್ನು ಟೈಪ್ ಮಾಡಿಸಿದರು. ಕಂಪ್ಯೂಟರ್ ಇದನ್ನು ಇಟ್ಟುಕೊಳ್ಳುತ್ತದೆ ಅಂತ ನಂಬಿದವರಿಗೆ ಕಡಿಮೆ ನೆನಪಿತ್ತು, ಅಳಿಸಿಹೋಗುತ್ತದೆ ಅಂತ ನಂಬಿದವರಿಗೆ ಜಾಸ್ತಿ. ಯಾವ ಫೋಲ್ಡರಿನಲ್ಲಿದೆ ಅನ್ನುವುದು ಮಾತ್ರ ಚೆನ್ನಾಗಿ ನೆನಪಿರುತ್ತಿತ್ತು. ಹಾಗಾಗಿ ಇದು ಹುಡುಗರ ಸೋಮಾರಿತನ ಅಲ್ಲ, ನಮ್ಮೆಲ್ಲರ ತಲೆ ಕೆಲಸ ಮಾಡುವುದೇ ಹಾಗೆ. ನನಗೆ ನನ್ನ ಹೆಂಡತಿಯ ನಂಬರ್ ಬಾಯಿಗೆ ಬರುವುದಿಲ್ಲ, ಮೂವತ್ತು ವರ್ಷದ ಹಿಂದಿನ ನಮ್ಮ ಲ್ಯಾಂಡ್‌ಲೈನ್ ನಂಬರ್ ಬರುತ್ತದೆ.

ಕಲ್ಲು ಹುಡುಕುವವನು:

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಶನಿವಾರ ಭಾನುವಾರ ಶಾಸನಗಳ ಹಿಂದೆ ತಿರುಗುತ್ತೇನೆ. ನನಗೆ ಈ ಹುಚ್ಚು ಹಿಡಿಸಿದ್ದು ಫೋನೇ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯ ಅನ್ನುವ ವೀರನ ವೀರಗಲ್ಲು ಸಿಕ್ಕಿದ ಸುದ್ದಿ ಫೋನಲ್ಲಿ ಓದಿದೆ. ಸುಮಾರು 750ರದ್ದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ದಿನಾ ಟ್ರಾಫಿಕ್ಕಿನಲ್ಲಿ ಬೈದುಕೊಂಡು ದಾಟುತ್ತಿದ್ದ ಹೆಬ್ಬಾಳಕ್ಕೆ ಹನ್ನೆರಡು ನೂರು ವರ್ಷದ ಹೆಸರಿದೆ ಅಂದರೆ! ಹಿಂದೆ ಶಾಸನ ಓದಬೇಕಾದರೆ ಒದ್ದೆ ಕಾಗದ ಹಚ್ಚಿ, ಬ್ರಷ್‌ನಲ್ಲಿ ತಟ್ಟಿ, ಮಸಿ ಬಳಿದು ಪಡಿಯಚ್ಚು ತೆಗೆಯಬೇಕಿತ್ತು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಎದ್ದು ಬರುತ್ತದೆ.

ಆದರೆ ಮೇಡಂ, ಓದಿದ್ದು ನನ್ನೊಳಗೆ ನಿಂತದ್ದು ಕಲ್ಲಿನ ಮುಂದೆ ಕೂತು, ಅಕ್ಷರದ ಮೇಲೆ ಬೆರಳಾಡಿಸಿದ ಮೇಲೆ. ನಿಮ್ಮ ಹುಡುಗನನ್ನು ಹಲ್ಮಿಡಿಗೆ ಕರೆದುಕೊಂಡು ಹೋಗಿ. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿ ಪ್ರತಿಕೃತಿ ಇದೆ. ಫೋನನ್ನೂ ತರಲು ಹೇಳಿ.

ಬೇಲೂರು ಮೇಡಂ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ 'ಅನುಮಾನಿಸಲಿಕ್ಕೆ' ಅನ್ನುವ ಮಾತನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಭಾನುವಾರ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹಳೆಯ ಲಿಪಿಯ ಪಟ್ಟಿಯನ್ನು ಎಲ್ಲರ ಫೋನಿಗೂ ಕಳಿಸಿದ್ದೆ. ಬರೀ ಹದಿನಾರು ಸಾಲಿನ ಶಾಸನ, ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಮೊದಲ ಪದ 'ಜಯತಿ' ಹಿಡಿಯುವುದಕ್ಕೇ ಕಾಲು ಗಂಟೆ ಬೇಕಾಯಿತು. ಫೋಟೋ ತೆಗೆದು ದೊಡ್ಡದು ಮಾಡುವುದು, ಪಟ್ಟಿ ನೋಡುವುದು, ಅದು 'ಜ' ಅಲ್ಲ ಕಣೋ ಅಂತ ಜಗಳ ಆಡುವುದು. ಆ ಹುಡುಗ ಮಾತಾಡದೆ ಒಂದು ಮೂಲೆಯಲ್ಲಿ ಕೂತು ಮುಂದಿನ ಸಾಲುಗಳನ್ನು ಹಿಡಿಯುತ್ತಿದ್ದ. ತುಂಬ ಹೊತ್ತಾದ ಮೇಲೆ ಎದ್ದು ಬಂದು ಹೇಳಿದ, "ಮಿಸ್, ಇಲ್ಲಿ ಕಕುಸ್ಥ ಅಂತ ಇದೆ. ಪುಲಕೇಶಿ ಎಲ್ಲೂ ಇಲ್ಲ."