ಜೈತಾಪುರ: ಯಾವುದು ‘ಒಪ್ಪಂದ’, ಯಾವುದು ಅಲ್ಲ?

ಮಹಾರಾಷ್ಟ್ರದ ಜೈತಾಪುರದಲ್ಲಿ ಫ್ರಾನ್ಸಿನವರ ಆರು ಇಪಿಆರ್ ಮಾದರಿಯ ಅಣು ರಿಯಾಕ್ಟರುಗಳನ್ನು ಕಟ್ಟುವ ಮಾತುಕತೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಒಪ್ಪಂದ’ ಎಂಬ ಪದ ಹೆಜ್ಜೆಹೆಜ್ಜೆಗೂ ಕಾಲಿಗೆ ತೊಡರುತ್ತಿದೆ. ಬಲ್ಲವರು ಬಿಡಿಸಿಕೊಡಬೇಕು.

2009ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರಿ ಅಣುವಿದ್ಯುತ್ ಕಂಪನಿ ಎನ್‌ಪಿಸಿಐಎಲ್ ಮತ್ತು ಫ್ರೆಂಚ್ ಕಂಪನಿ ಅರೇವಾ ಸಹಿ ಹಾಕಿದ್ದು ಎಂಒಯು (ಮೆಮೊರಾಂಡಮ್ ಆಫ್ ಅಂಡರ್‌ಸ್ಟ್ಯಾಂಡಿಂಗ್). 2010ರ ಡಿಸೆಂಬರಿನಲ್ಲಿ ಆಗಿನ ಫ್ರೆಂಚ್ ಅಧ್ಯಕ್ಷ ಸರ್ಕೋಜಿ ಬಂದಾಗ ಆದದ್ದು ಫ್ರೇಮ್‌ವರ್ಕ್ ಅಗ್ರಿಮೆಂಟ್. ಅರೇವಾದ ರಿಯಾಕ್ಟರ್ ವ್ಯವಹಾರ ಫ್ರಾನ್ಸಿನ ವಿದ್ಯುತ್ ಕಂಪನಿ ಇಡಿಎಫ್ ಕೈಗೆ ಹೋದ ಮೇಲೆ, 2018ರ ಮಾರ್ಚಿನಲ್ಲಿ ಫ್ರೆಂಚ್ ಅಧ್ಯಕ್ಷ ಮ್ಯಾಕ್ರಾನ್ ಭೇಟಿಯ ವೇಳೆ ‘ಇಂಡಸ್ಟ್ರಿಯಲ್ ವೇ ಫಾರ್ವರ್ಡ್’ ಅಂತ ಮತ್ತೊಂದು. ಸುದ್ದಿಯ ಕನ್ನಡದಲ್ಲಿ ಮೂರೂ ‘ಒಪ್ಪಂದ’ವೇ. ಇಷ್ಟು ಸಲ ಒಪ್ಪಿದವರು ಕಟ್ಟಲು ಯಾಕೆ ಶುರುಮಾಡಲಿಲ್ಲ ಎಂದು ಓದುಗ ಕೇಳಿದರೆ ತಪ್ಪೇನು? ಇವುಗಳಲ್ಲಿ ಯಾವುದೂ ರಿಯಾಕ್ಟರ್ ಕೊಳ್ಳುವ ಕೊನೆಯ ಪತ್ರವಲ್ಲ. ಯೂನಿಟ್ಟಿಗೆ ದರ ಎಷ್ಟು, ಅಪಘಾತವಾದರೆ ನಷ್ಟ ಯಾರ ತಲೆಗೆ ಎಂಬಲ್ಲಿ ಸಿಕ್ಕಿಕೊಂಡು ವ್ಯವಹಾರ ವರ್ಷಗಟ್ಟಲೆ ಎಳೆಯಿತು. (ಅಣು ಅಪಘಾತದ ಹೊಣೆ ಕುರಿತ ನಮ್ಮ 2010ರ ಕಾಯಿದೆಯ 17ನೇ ಕಲಮು ಯಂತ್ರ ಪೂರೈಸಿದವರಿಂದಲೂ ವಸೂಲಿಗೆ ದಾರಿ ಇಟ್ಟಿತ್ತು, ಅದು ಫ್ರೆಂಚರಿಗಷ್ಟೇ ಅಲ್ಲ, ಅಮೆರಿಕದ ಕಂಪನಿಗಳಿಗೂ ಹಿಡಿಸಲಿಲ್ಲ.)

ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ವಿಷಯದಲ್ಲಿ ಈ ಪದದ ತಕರಾರಿಲ್ಲ. 1988ರಲ್ಲಿ ರಾಜೀವ್ ಗಾಂಧಿ, ಸೋವಿಯತ್ ನಾಯಕ ಗೋರ್ಬಚೇವ್ ಮಾಡಿಕೊಂಡದ್ದು ಸರ್ಕಾರ–ಸರ್ಕಾರದ ನಡುವಿನ ಒಪ್ಪಂದ. ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ 1998ರಲ್ಲಿ ರಷ್ಯಾದೊಂದಿಗೆ ಆದದ್ದು ಪೂರಕ ಒಪ್ಪಂದ.

ಎಂಒಯುಗೆ ನಮ್ಮ ಸರ್ಕಾರಿ ಪ್ರಕಟಣೆಗಳು ‘ಒಡಂಬಡಿಕೆ’ ಎನ್ನುವುದುಂಟು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಬೈಬಲ್ಲಿನಲ್ಲಿ ದೇವರು ಕೊಟ್ಟ ಮಾತಿಗೆ ಸಲ್ಲುವ ಪದವನ್ನು ಯಾರನ್ನೂ ಕಟ್ಟಿಹಾಕದ ಕಾಗದಕ್ಕೆ ತೊಡಿಸಿದ್ದೇವೆ! ನನಗೆ ‘ತಿಳಿವಳಿಕೆ ಪತ್ರ’ವೇ ಸರಿಯೆನಿಸುತ್ತದೆ. 2010ರ ಫ್ರೇಮ್‌ವರ್ಕ್ ಅಗ್ರಿಮೆಂಟಿಗೆ ‘ಚೌಕಟ್ಟು ಒಪ್ಪಂದ’ ನಡೆದೀತು.

ಕೊನೆಯ ಖರೀದಿ ಪತ್ರಕ್ಕೆ ‘ಕರಾರು’ ಅಂದುಕೊಂಡಿದ್ದೆ. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಪತ್ರ ಬರಹಗಾರರನ್ನು ಕೇಳಿ ನೋಡಿ: ಸೈಟು ಕೊಳ್ಳುವಾಗ ಮೊದಲು ಆಗುವುದು ‘ಕ್ರಯದ ಕರಾರು’, ಆಮೇಲಿನದು ‘ಶುದ್ಧ ಕ್ರಯಪತ್ರ’. ಅಲ್ಲಿ ಕರಾರೆಂದರೆ ಇನ್ನೂ ಅರ್ಧ ದಾರಿ. ‘ಅಗ್ರಿಮೆಂಟ್ ಆಗಿದೆ, ರಿಜಿಸ್ಟ್ರೇಷನ್ ಆಗಿಲ್ಲ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೀಗಿರುವಾಗ ರಿಯಾಕ್ಟರಿಗೆ ‘ಖರೀದಿ ಕರಾರು’ ಎಂದರೆ ಅಂತಿಮ ಎಂಬ ಅರ್ಥ ಬರುತ್ತದೆಯೇ?

‘ಮಾತುಕತೆ’ಯನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ‘ಸಂಧಾನ’ ಎಂದೊಡನೆ ಕೌರವರ ಸಭೆಗೆ ಹೋದ ಕೃಷ್ಣ ಎದುರಿಗೆ ನಿಲ್ಲುತ್ತಾನೆ; ಇಲ್ಲಿ ಜಗಳವಿಲ್ಲ, ಮಧ್ಯಸ್ಥನೂ ಇಲ್ಲ. ‘ಚೌಕಾಸಿ’ ನಿಜಕ್ಕೆ ಹತ್ತಿರ, ಆದರೆ ಯಾವ ಸಂಪಾದಕರೂ ಬಿಡಲಾರರು.

ನಿಜವಾಗಿ ತಲೆಕೆಡಿಸಿರುವುದು 2021ರ ಏಪ್ರಿಲಿನಲ್ಲಿ ಇಡಿಎಫ್ ಸಲ್ಲಿಸಿದ ‘ಬೈಂಡಿಂಗ್ ಆಫರ್’. ‘ಬದ್ಧ ಪ್ರಸ್ತಾವ’ ಎಂದರೆ ಬದ್ಧರಾದವರು ಯಾರು? ಹೇಳಿದ ಮಾತಿಗೆ ಕಟ್ಟುಬಿದ್ದವರು ಇಡಿಎಫ್‌ನವರು. ಭಾರತ ಅದನ್ನು ಒಪ್ಪಲೇಬೇಕೆಂದಿಲ್ಲ. ಕೈಗಾ ಅಣು ಸ್ಥಾವರದಲ್ಲೋ ಕೆಪಿಸಿಯಲ್ಲೋ (ಕರ್ನಾಟಕ ವಿದ್ಯುತ್ ನಿಗಮ) ಟೆಂಡರ್ ಕಾಗದಗಳ ನಡುವೆ ಕೆಲಸ ಮಾಡಿದವರು ಇದ್ದರೆ, ಇಂಥದ್ದಕ್ಕೆ ನಿಮ್ಮಲ್ಲಿ ಬಾಯಿಮಾತಿಗೆ ಏನೆನ್ನುತ್ತಿದ್ದರು, ತಿಳಿಸಿ.